ಕೂತಲ್ಲೇ ರಾಜ್ಯ ಬದಲಿಸಿದ ಅಜ್ಜ

ಹೊಸನಗರದಲ್ಲಿ ತಿಂಡಿ ತಿಂದು, ಕೊಲ್ಲೂರಿನಲ್ಲಿ ದೇವಿಗೆ ಕೈಮುಗಿದು, ಬೈಂದೂರಿನಲ್ಲಿ ಹೆದ್ದಾರಿ ಸೇರಿ, ಶಿರೂರು ದಾಟಿ ಭಟ್ಕಳ ತಲುಪುವಾಗ ಮಧ್ಯಾಹ್ನ ಹನ್ನೆರಡೂವರೆ. ಹೊಸನಗರದಿಂದ ಲೆಕ್ಕ ಹಾಕಿದರೆ ನೂರು ಕಿಲೋಮೀಟರಿನ ಒಳಗೇ. ಇದೇ ದಾರಿಯಲ್ಲಿ 1956ರ ಅಕ್ಟೋಬರಿನಲ್ಲಿ ಬಂದಿದ್ದರೆ ಅರ್ಧ ದಿನದಲ್ಲಿ ಮೂರು ರಾಜ್ಯ ಸುತ್ತಿದ ಹಾಗಾಗುತ್ತಿತ್ತು. ಹೊಸನಗರ ಮೈಸೂರಿಗೆ ಸೇರಿತ್ತು, ಕೊಲ್ಲೂರು ಮದ್ರಾಸಿಗೆ, ಭಟ್ಕಳ ಮುಂಬಯಿಗೆ.

ಹೆಂಡತಿಗೆ ಇದನ್ನು ಹೇಳಿದೆ. "ನಿಮಗೆ ಈಗ ಇದೆಲ್ಲ ಯಾಕೆ ನೆನಪಾಗ್ತಿದೆ ಅಂತ ಗೊತ್ತು ಬಿಡಿ" ಅಂದಳು.

ವಿಷಯ ಇಷ್ಟೇ. ಫೆಬ್ರವರಿಯಲ್ಲಿ ನಮ್ಮ ಕಂಪನಿಯವರು ಬೆಂಗಳೂರಿನ ಟೀಮ್ ಮುಚ್ಚಿದರು. ಪುಣೆಗೆ ಬನ್ನಿ, ಇಲ್ಲವಾದರೆ ಮೂರು ತಿಂಗಳ ಸಂಬಳ ತಗೊಂಡು ಹೊರಡಿ ಅಂದರು. ಕಾರ್ ಲೋನ್ ಇದೆ, ಒಂದನೇ ಕ್ಲಾಸಿಗೆ ಹೋಗಬೇಕಾದ ಮಗಳಿದ್ದಾಳೆ, ಹೆಂಡತಿಯ ಆಫೀಸಿಗೂ ಪುಣೆಯಲ್ಲಿ ಬ್ರಾಂಚ್ ಇದೆ. ಎರಡು ರಾತ್ರಿ ಜಗಳ ಆಡಿ, ಮೂರನೇ ದಿನ ಹೂಂ ಅಂದೆವು. ಹೊರಡುವ ಮೊದಲು ಊರಿಗೆ ಒಂದು ಸುತ್ತು ಬಂದು ಎಲ್ಲರಿಗೂ ಹೇಳಿ ಹೋಗೋಣ ಅಂತ ಏಪ್ರಿಲ್‌ನಲ್ಲಿ ಈ ಪ್ರಯಾಣ.

ನಾನು ಇಂಜಿನಿಯರ್. ಎಲ್ಲದಕ್ಕೂ ಶೀಟ್ ಮಾಡೋದು ನನ್ನ ರೋಗ. ಪುಣೆ ಶೀಟಿನಲ್ಲಿ 41 ಸಾಲುಗಳಿದ್ದವು. ಕಾರಿನದ್ದೇ ಆರು ಸಾಲು. ಬೇರೆ ರಾಜ್ಯದಲ್ಲಿ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಇಲ್ಲಿನ ಆರ್‌ಟಿಓದಿಂದ ಎನ್‌ಓಸಿ ಬೇಕು, ಅದಕ್ಕೆ ಫಾರ್ಮ್ 28. ಸಾಲ ಇದ್ದರೆ ಮೊದಲು ಬ್ಯಾಂಕಿನವರು ಒಪ್ಪಬೇಕು. ಅಲ್ಲಿ ಹೊಸದಾಗಿ ರೋಡ್ ಟ್ಯಾಕ್ಸ್ ಕಟ್ಟಿ, ಇಲ್ಲಿ ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸಿನಲ್ಲಿ ಉಳಿದಿದ್ದನ್ನು ವಾಪಸ್ ಕೇಳಬೇಕು. 2021ರಲ್ಲಿ ಬಂದ ಬಿಎಚ್ ಸೀರೀಸ್ ನಂಬರ್ ತಗೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸಿರುವ ಖಾಸಗಿ ಕಂಪನಿಯ ನೌಕರರಿಗೂ ಅದು ಸಿಗುತ್ತದೆ. ಹೊಸ ಕಾರು ತಗೊಳ್ಳುವವರು ನೋಡಿಕೊಳ್ಳಿ.

ಆಮೇಲೆ ವೋಟರ್ ಐಡಿಗೆ ಫಾರ್ಮ್ 8, ಆಧಾರ್ ವಿಳಾಸ, ಗ್ಯಾಸ್, ಮಗಳ ಶಾಲೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆ ಪ್ರಕಾರ ಯಾವ ಬೋರ್ಡಿನ ಶಾಲೆಯೇ ಆಗಲಿ ಮರಾಠಿ ಕಲಿಸಲೇಬೇಕು, ನಮ್ಮಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆ ಇರುವ ಹಾಗೆ. ಹಾಗಾಗಿ ಕನ್ನಡದ ಕಾಗುಣಿತ ಈಗಷ್ಟೇ ಶುರು ಮಾಡಿದ ಮಗಳು ಜೂನ್‌ನಿಂದ ಮರಾಠಿ ಅಕ್ಷರ ತಿದ್ದುತ್ತಾಳೆ.

ಶೀಟನ್ನು ಹೆಂಡತಿಗೆ ಕಳಿಸಿದಾಗ ಅವಳು ಬರೆದ ಕಾಮೆಂಟ್ ಒಂದೇ: "ಆಯಿಯ ಸಾಲು ಎಲ್ಲಿ?"

ಆಯಿ ಅಂದರೆ ನನ್ನ ಅಮ್ಮ. ಕುಮಟಾದಿಂದ ಒಳಗೆ, ಅಘನಾಶಿನಿಗೆ ಹತ್ತಿರದ ಊರಲ್ಲಿ ಒಬ್ಬಳೇ ಇದ್ದಾಳೆ. ಫೋನಿನಲ್ಲಿ ಅವಳಿಗೆ "ಪುಣೆಯಲ್ಲಿ ಒಂದು ಅವಕಾಶ ಇದೆ, ಯೋಚನೆ ಮಾಡ್ತಾ ಇದ್ದೇವೆ" ಅಂತಷ್ಟೇ ಹೇಳಿದ್ದೆ. ಅಷ್ಟೊತ್ತಿಗೆ ಶಾಲೆಗೆ ಫೀಸು ಕಟ್ಟಿ, ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ಭಟ್ಕಳದಲ್ಲಿ ನಿಂತಿದ್ದು ನನ್ನ ಇಂಜಿನಿಯರಿಂಗ್ ರೂಮ್‌ಮೇಟ್ ಮನೆಯಲ್ಲಿ. ಅವನು ನವಾಯತ ಮನೆತನದವನು, ಈಗ ದುಬೈನಲ್ಲಿದ್ದಾನೆ. ಅವನಿಲ್ಲದಿದ್ದರೂ ಅವನ ಅಮ್ಮನನ್ನು ನೋಡದೆ ಭಟ್ಕಳ ದಾಟಿದರೆ ಆಮೇಲೆ ಬೈಗುಳ ತಪ್ಪಿದ್ದಲ್ಲ. ಹಲ್ವಾ, ಚಹಾ, ಮಗಳ ಜಡೆಗೆ ಒಂದು ಮಾರು ಭಟ್ಕಳ ಮಲ್ಲಿಗೆ ಬಂತು. ಮನೆಯೊಳಗೆ ಅವರದ್ದು ನವಾಯತಿ. ಕೊಂಕಣಿ, ಮರಾಠಿಗೆ ಹತ್ತಿರದ ಮಾತು, ನಡುವೆ ಅರಬ್ಬಿ, ಪಾರ್ಸಿ ಪದಗಳು, ಬರೆಯೋದು ಉರ್ದು ಲಿಪಿಯಲ್ಲಿ. ನಮ್ಮ ಜೊತೆ ಕನ್ನಡ. ಈ ಊರಿನ ಎಷ್ಟೋ ಮನೆಗಳಲ್ಲಿ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಹಾಗಾಗಿ ಊರು ಬಿಡುವ ವಿಷಯದಲ್ಲಿ ಇವರಷ್ಟು ಅನುಭವ ಇರುವವರು ಕಡಿಮೆ ಅಂತ ನಾನು ಧೈರ್ಯವಾಗಿ ಪುಣೆ ಕತೆ ಹೇಳಿದೆ.

"ಹೋಗೋದು ಏನೂ ಕಷ್ಟ ಅಲ್ಲ ಮಗಾ" ಅಂದರು. "ಅವನ ಅಪ್ಪ ಇಪ್ಪತ್ತೆರಡು ವರ್ಷ ಅಲ್ಲಿದ್ರು. ವರ್ಷಕ್ಕೊಂದು ಸಲ ಬಂದಾಗ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಕೇಳ್ತಿದ್ರು. ಅವರ ಮನೇಲಿ ಅವರೇ ನೆಂಟರು. ಅದು ಕಷ್ಟ." ಸ್ವಲ್ಪ ಹೊತ್ತು ಬಿಟ್ಟು, "ಅಮ್ಮನಿಗೆ ಹೇಳಿದ್ಯಾ?" ಅಂದರು.

"ಹೇಳ್ಬೇಕು ಆಂಟಿ."

ಅವರು ಮುಂದೆ ಏನೂ ಕೇಳಲಿಲ್ಲ. ಆಯಿಗೆ ಕೊಡು ಅಂತ ಇನ್ನೊಂದು ಹಲ್ವಾ ಪೊಟ್ಟಣ ಕಟ್ಟಿದರು.

ಹೊನ್ನಾವರದಲ್ಲಿ ಹೆಂಡತಿಯ ತವರು. ಶರಾವತಿ ಸೇತುವೆ ಮೇಲೆ ಬರುತ್ತಿದ್ದಂತೆ ಮಗಳು ರೈಲು ಕಾಣುತ್ತದಾ ಅಂತ ಕಿಟಕಿಗೆ ಮೂಗು ಒತ್ತಿ ಕೂತಳು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇದೇ ನದಿಗೆ ಕಟ್ಟಿದ್ದು, ಎರಡು ಕಿಲೋಮೀಟರಿಗೂ ಉದ್ದ. ರೈಲು ಬರಲಿಲ್ಲ, ಮಗಳು ಅತ್ತಳು.

ಹೊನ್ನಾವರದ ಬಗ್ಗೆ ನನಗೆ ಇಷ್ಟದ ಸಂಗತಿ ಒಂದಿದೆ. ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ, ಊರಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಅಂತ ಬರೆದಿಟ್ಟಿದ್ದಾನೆ. ಪುಣೆಯಲ್ಲಿ ಒಂದು ಸೀಟಿಗಾಗಿ ಒಂಬತ್ತು ಶಾಲೆಗಳ ಬಾಗಿಲು ತಟ್ಟಿದವನಿಗೆ ಇದನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಅತ್ತೆಯ ಮನೆಯವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಿನ್ನೀರಿನಲ್ಲಿ ಹೋದ ಊರುಗಳಲ್ಲಿ ಅವರದ್ದೂ ಒಂದು. ಅತ್ತೆ ಆಗ ತೊಟ್ಟಿಲ ಕೂಸು. ಪ್ಯಾಕರ್ಸ್‌ನವರು ಕೊಟ್ಟ ಕೊಟೇಶನ್ ನೋಡಿ ನಾನು ಗೊಣಗುತ್ತಿದ್ದರೆ ಅವರಿಗೆ ನಗು. "ನಮ್ಮಪ್ಪ ಮನೆಯ ಬಾಗಿಲು, ಕಿಟಕಿ, ಹೆಂಚು ಎಲ್ಲ ಬಿಚ್ಚಿ ಗಾಡಿ ಮೇಲೆ ಹೇರಿಕೊಂಡು ಹೊರಟಿದ್ರಂತೆ. ನಿಮ್ಮದು ವಾಷಿಂಗ್ ಮೆಷೀನು, ಎರಡು ಮಂಚ. ಮತ್ತೆ ನಿಮ್ಮ ಊರು ನೀರಲ್ಲೇನೂ ಮುಳುಗ್ತಾ ಇಲ್ವಲ್ಲ" ಅಂದರು.

ಮುಳುಗುತ್ತಿಲ್ಲ, ನಿಜ. ಆದರೆ ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಆಯಿಗೆ ಎದೆನೋವು ಬಂದಿತ್ತು. ಪಕ್ಕದ ಮನೆಯವರು ಓಮ್ನಿಯಲ್ಲಿ ಮಲಗಿಸಿಕೊಂಡು ಹೊರಟರು. ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜನ ಕೇಳುತ್ತಲೇ ಇದ್ದಾರೆ. ಆ ರಾತ್ರಿ ಆಯಿ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಇದೇ ಹೆದ್ದಾರಿಯಲ್ಲಿ, ಹೊನ್ನಾವರ, ಭಟ್ಕಳ ದಾಟಿ ಹೋದಳು. ಬೆಂಗಳೂರಿನಿಂದ ನಾನು ತಲುಪಿದ್ದು ಮರುದಿನ. ಗ್ಯಾಸ್ಟ್ರಿಕ್ ಅಂದರು, ಬದುಕಿದೆವು. ಪುಣೆಯಿಂದಲೂ ಕುಮಟಾಕ್ಕೆ ಒಂದೇ ರಾತ್ರಿಯ ದಾರಿ. ಆದರೆ ಉದ್ದದ ರಾತ್ರಿ. ಇದನ್ನು ನಾನು ಶೀಟಿನಲ್ಲಿ ಯಾವ ಕಾಲಮ್ಮಿನಲ್ಲಿ ಹಾಕಲಿ?

ಹೊನ್ನಾವರದಿಂದ ಕುಮಟಾಕ್ಕೆ ಬರುವಾಗ ಹಂದಿಗೋಣ, ಅಳ್ವೆಕೋಡಿ ಹತ್ತಿರ ರಸ್ತೆ ಬದಿಯಲ್ಲಿ ನೀರುಳ್ಳಿ ತೂಗಿತ್ತು. ಜಡೆ ಹೆಣೆದ ಹಾಗೆ ಕಟ್ಟಿದ ಕುಮಟಾದ ಸಿಹಿ ನೀರುಳ್ಳಿ, ಬೇಸಿಗೆಯಲ್ಲಿ ಮಾತ್ರ. ಅಜ್ಜಿ ಇರುವವರೆಗೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟದ ವಸ್ತು ಇದು. ಈಗ ಆಯಿಯೇ ಫೋನ್ ಮಾಡಿ, ದಪ್ಪದ್ದು ನೋಡಿ ಎರಡು ಗೊಂಚಲು ತಾ ಅನ್ನುತ್ತಾಳೆ.

ಮನೆಯಲ್ಲಿ ಮೊದಲ ದಿನ ಹೇಳಲಿಲ್ಲ. ಎರಡನೇ ದಿನ ಬೆಳಿಗ್ಗೆ ಹೇಳೋಣ ಅಂದುಕೊಂಡೆ, ಆಗ ಪಕ್ಕದ ಮನೆಯವರು ಬಂದರು. ಸಂಜೆ ಜಮೀನಿನ ಕಾಗದಗಳನ್ನೆಲ್ಲ ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಂಡು ಹೋಗುತ್ತೇನೆ ಅಂತ ಅಟ್ಟದಿಂದ ಅಜ್ಜನ ಟ್ರಂಕು ಇಳಿಸಿ, ನನ್ನ ಫೈಲನ್ನೂ ಪಕ್ಕದಲ್ಲಿ ಹರಡಿಕೊಂಡು ಕೂತೆ. ಅಜ್ಜನ ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟ್ ಸಿಕ್ಕಿತು. ಏಳನೇ ಇಯತ್ತೆ, ಮುಂಬಯಿ ಸರಕಾರದ್ದು. ಅದರ ಕೆಳಗಿನ ಕಂದಾಯದ ರಸೀದಿಗಳಲ್ಲಿ ಹಳೆಯವು ಮುಂಬಯಿಯವು, ಆಮೇಲಿನವು ಮೈಸೂರಿನವು, 1973ರ ನಂತರದವು ಕರ್ನಾಟಕದವು. ಅಜ್ಜನ ಅಜ್ಜನ ಕಾಲದ ಕಾಗದ ಉಳಿದಿದ್ದರೆ ಅದರಲ್ಲಿ ಮದ್ರಾಸೂ ಇರುತ್ತಿತ್ತು. ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದು 1862ರಲ್ಲಿ. ಧಾರವಾಡ ಸೀಮೆಯ ಹತ್ತಿಯನ್ನು ಕರಾವಳಿಯಿಂದ ಸಾಗಿಸುವ ಲೆಕ್ಕಾಚಾರ ಅದರ ಹಿಂದಿತ್ತು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬೇಕಿತ್ತು. ಕುಮಟಾ ಬಂದರಿನಿಂದ ಹೋದ ಹತ್ತಿಗೆ ಅಲ್ಲಿನ ಮಾರುಕಟ್ಟೆಯಲ್ಲಿ ಕುಮಟಾದ ಹೆಸರೇ ಇತ್ತು.

ಅಜ್ಜ ಈ ಮನೆ ಬಿಟ್ಟು ನಾಲ್ಕು ದಿನ ಹೊರಗಿದ್ದವನಲ್ಲ. 1956ರ ನವೆಂಬರ್ 1ರ ಬೆಳಿಗ್ಗೆ ಇದೇ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದಾಗ ಅವನ ರಾಜ್ಯ ಬದಲಾಗಿತ್ತು. ಗಾಡಿಯ ಎನ್‌ಓಸಿ ಬೇಕಾಗಲಿಲ್ಲ, ಪ್ಯಾಕರ್ಸ್ ಬರಲಿಲ್ಲ. ಆಯಿಗೆ ವಿಷಯ ತಿಳಿಸೋಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಿಕ್ಕಿಲ್ಲ ಅಂತ ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಅಷ್ಟರಲ್ಲಿ ಆಯಿ ಕನ್ನಡಕ ಹಾಕಿಕೊಂಡು ನನ್ನ ಫೈಲಿನ ಒಂದು ಕಾಗದ ಓದುತ್ತಿದ್ದಳು. (ನಮ್ಮ ಮನೆಮಾತು ಹವ್ಯಕ ಕನ್ನಡ. ಉಳಿದವರ ಮಾತನ್ನು ಎಲ್ಲರಿಗೂ ತಿಳಿಯುವ ಹಾಗೆ ಬರೆದಿದ್ದೇನೆ, ಆಯಿಯದ್ದನ್ನು ಬದಲಿಸೋಕೆ ಮನಸ್ಸು ಬರಲಿಲ್ಲ.)

"ಇಯತ್ತಾ ಪಹಿಲಿ" ಅಂತ ನಿಧಾನಕ್ಕೆ ಓದಿದಳು. "ಇದೆಂತದಾ ತಮಾ? ನಿನ್ನ ಅಜ್ಜನ ಕಾಗದದ ಹಾಂಗೇ ಇದ್ದಲಾ. ಇಯತ್ತೆ ಹೇಳಿ ಬರದ್ದು."

ಅದು ಮಗಳ ಶಾಲೆಯ ಫೀಸಿನ ರಸೀದಿ, ಒಂದು ಕಡೆ ಇಂಗ್ಲಿಷ್, ಒಂದು ಕಡೆ ಮರಾಠಿ. ಅಜ್ಜ ತರಗತಿಗೆ ಇಯತ್ತೆ ಅನ್ನುತ್ತಿದ್ದ, ಮರಾಠಿಯಿಂದ ಬಂದ ಪದ ಅದು. ಹಿಂದಿ ಪರೀಕ್ಷೆಗಳಿಗೆ ಕಟ್ಟಿದ್ದ ಆಯಿಗೆ ಆ ಲಿಪಿ ಓದೋಕೆ ಬರುತ್ತದೆ. ಇದು ನನಗೆ ಗೊತ್ತಿತ್ತು, ಮರೆತಿದ್ದೆ. ಅವಳು ಮೊಮ್ಮಗಳ ಹೆಸರು ಓದಿದಳು, ಮೊತ್ತ ಓದಿದಳು, ಕೊನೆಗೆ ತಾರೀಖು.

"ನೀ ಮಾರ್ಚಲ್ಲೇ ಫೀಸು ಕಟ್ಟಿದ್ದೆ. ಆನು ಇನ್ನೂ ನೀನು ಯೋಚನೆ ಮಾಡ್ತಾ ಇದ್ದೆ ಹೇಳಿ ತಿಳ್ಕಂಡಿದ್ದಿ."

ನಾನು ಅಜ್ಜನ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಜೋಡಿಸಿಟ್ಟ ವಾಕ್ಯ ಯಾವುದೂ ಬಾಯಿಗೆ ಬರಲಿಲ್ಲ. ಆಯಿ ರಸೀದಿಯನ್ನು ಮೊದಲಿದ್ದ ಹಾಗೇ ಮಡಚಿ ಫೈಲಿನಲ್ಲಿಟ್ಟು, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ಊಟಕ್ಕೆ ಅಪ್ಪೆಹುಳಿ ಮಾಡಿದ್ದಳು. ಬಡಿಸಿದಳು, ಮಾತಾಡಲಿಲ್ಲ. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವಿವರಿಸೋದು ಬೇಡ.

ಮರುದಿನ ಬೆಳಿಗ್ಗೆ ಅವಳನ್ನು ಅಘನಾಶಿನಿ ಕಡೆಗೆ ಕರೆದುಕೊಂಡು ಹೋದೆ. ಶರಾವತಿಗಿರುವ ಹಾಗೆ ಈ ನದಿಗೆ ಅಣೆಕಟ್ಟಿಲ್ಲ. ಇದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಇಳಿತದ ಹೊತ್ತು. ಸೊಂಟದವರೆಗೆ ನೀರಿನಲ್ಲಿ ನಿಂತು ಹೆಂಗಸರು ಬಳಚು ಹೆಕ್ಕುತ್ತಿದ್ದರು. ಅಲ್ಲಿ ನಿಂತು ತಪ್ಪಾಯ್ತು ಅಂದೆ. ಹೆದರಿ ಹೇಳಲಿಲ್ಲ ಅಂದೆ. ನೀನೂ ಬಾ, ಪುಣೆಯಲ್ಲಿ ಆಸ್ಪತ್ರೆ ಹತ್ತಿರ ಇದೆ, ಕನ್ನಡ ಸಂಘ ಇದೆ, ಇಡ್ಲಿ ದೋಸೆಗೂ ಕೊರತೆ ಇಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ಅಲ್ಲಿ ವೈಶಾಲಿ, ರೂಪಾಲಿ ಹೋಟೆಲುಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರೂ ನಮ್ಮ ಕರಾವಳಿಯವರೇ ಅಂತಲೂ ಸೇರಿಸಿದೆ. ಹೋಟೆಲಿನ ಮಾತಿಗೆ ಅವಳಿಗೆ ನಗು ಬಂತು, ತಡೆದುಕೊಂಡಳು.

"ಮಳೆಗಾಲದಲ್ಲಿ ಆನು ಬತ್ನಿಲ್ಲೆ. ತೋಟಕ್ಕೆ ಮದ್ದು ಹೊಡ್ಸವು" ಅಂದಳು. ಮದ್ದು ಹೊಡೆಸದಿದ್ದರೆ ಕೊಳೆರೋಗಕ್ಕೆ ಅಡಿಕೆ ಉದುರಿಹೋಗುತ್ತದೆ. ಅದು ಮುಗಿದರೆ ಕೊನೆ ಕೊಯ್ಲು. ಕೊನೆಗೌಡ ಸಿಗುವ ದಿನವೇ ಕೊಯ್ಯಬೇಕು, ಅವನಿಗಾಗಿ ಕಾಯುವವರು ಹತ್ತು ಮನೆಯವರು.

ಅವಳ ಲೆಕ್ಕದ ಮುಂದೆ ನನ್ನ ಶೀಟ್ ಏನೂ ಅಲ್ಲ.

ಬರುವಾಗ ಮಗಳು ಅವಳ ಕೈ ಹಿಡಿದುಕೊಂಡು ದೊಡ್ಡ ರಹಸ್ಯದ ಹಾಗೆ, "ಆಯೀ, ಪುಣೆಯಲ್ಲಿ ಎಲ್ಲ ಮಕ್ಕಳೂ ಅವರಮ್ಮನ್ನ ಆಯಿ ಅಂತಲೇ ಕರೀತಾರಂತೆ" ಅಂದಳು. ನನ್ನ ಬಾಯಲ್ಲಿ ಕೇಳಿ ಕೇಳಿ ಅವಳೂ ಅಜ್ಜಿಯನ್ನು ಆಯಿ ಅಂತಲೇ ಕರೆಯೋದು. "ಅಲ್ಲಿ ಆಯೀ ಅಂತ ಕೂಗಿದ್ರೆ ಯಾರೆಲ್ಲ ಬರ್ತಾರೆ?"

"ಆನಂತೂ ಬತ್ತಿ" ಅಂದಳು ಆಯಿ. ನನ್ನ ಕಡೆ ತಿರುಗಿ, "ಕೊಯ್ಲು ಮುಗಿದ ಮೇಲೆ. ಫೆಬ್ರವರಿಗೆ ಟಿಕೇಟು ಮಾಡು, ಎರಡು ತಿಂಗಳು ಇರ್ತಿ. ಹೋಪದು ಬಪ್ಪದು ಎರಡೂ ಈಗಲೇ ಮಾಡಿಡು."

ಕುಮಟಾದಿಂದ ಪನವೇಲ್‌ವರೆಗೆ ಮತ್ಸ್ಯಗಂಧಾ, ಅಲ್ಲಿಂದ ಕಾರು. ರೈಲ್ವೆಯವರು 60 ದಿನ ಮೊದಲಷ್ಟೇ ಬುಕಿಂಗ್ ತೆಗೆಯುತ್ತಾರೆ, ಈಗಲೇ ಆಗೋದಿಲ್ಲ ಅಂತ ತಿಳಿಸಿ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಎದುರಿಗೇ ಫೋನ್ ತೆಗೆದು ಶೀಟಿನಲ್ಲಿ 42ನೇ ಸಾಲು ಸೇರಿಸಿ, ಡಿಸೆಂಬರಿಗೆ ಒಂದು ರಿಮೈಂಡರ್ ಹಾಕಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿದಳು.

"ಬಪ್ಪದಕ್ಕೂ ಹಾಕು" ಅಂದಳು.