ಮೂವತ್ತೊಂದನೇ ಮಹಡಿಯ ಕಿಟಕಿಯಿಂದ ವಾರ್ಸಾ

ಪೋಲೆಂಡಿನ ರಾಜಧಾನಿ ವಾರ್ಸಾದ ನಟ್ಟನಡುವೆ ಜ್ವೋತಾ ಎಂಬ ಬೀದಿಯಿದೆ. ಪೋಲಿಷ್ ಭಾಷೆಯಲ್ಲಿ ‘ಜ್ವೋತಾ’ ಎಂದರೆ ಚಿನ್ನದ್ದು ಎಂದರ್ಥ. ನಮ್ಮ ರೂಪಾಯಿಯಂತೆ ಅಲ್ಲಿ ಚಲಾವಣೆಯಲ್ಲಿರುವ ಹಣಕ್ಕೂ ಇದೇ ಪದದಿಂದ ಬಂದ ‘ಜ್ವೋತಿ’ ಎಂಬ ಹೆಸರು. ಈ ಚಿನ್ನದ ಬೀದಿಯ 44ನೇ ನಂಬರಿನಲ್ಲಿ, ಗಾಳಿ ತುಂಬಿದ ಹಡಗಿನ ಪಟದಂತೆ ಬಾಗಿದ ಗಾಜಿನ ಗೋಪುರವೊಂದಿದೆ. ಎತ್ತರ 192 ಮೀಟರ್. ಮಹಡಿಗಳು 52. ಅದರ ಮೂವತ್ತೊಂದನೇ ಮಹಡಿಯಲ್ಲಿ ನಾವು ಹನ್ನೆರಡು ದಿನ ಇದ್ದೆವು.

ಮಗಳ ಸಂಸಾರ ಇರುವುದು ಜರ್ಮನಿಯಲ್ಲಿ. ಅಳಿಯನಿಗೆ ವಾರ್ಸಾದಲ್ಲಿ ಕಂಪನಿಯ ಕೆಲಸ ಬಿತ್ತು, ಮನೆಯನ್ನೂ ಕಂಪನಿಯವರೇ ಗೊತ್ತುಮಾಡಿ ಕೊಟ್ಟರು. ಹತ್ತು ವರ್ಷದ ಮೊಮ್ಮಗಳಿಗೆ ಬೇಸಿಗೆ ರಜೆ. ಮೈಸೂರಿನಿಂದ ಅವರನ್ನು ನೋಡಲು ಹೋಗಿದ್ದ ನಾನೂ ಜೊತೆಗೆ ಹೊರಟೆ. ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ ಆ ಗಾಜಿನ ಮನೆ ನಮ್ಮದಾಯಿತು.

ಗುಂಡಿ ಒತ್ತಿದರೆ ಪರದೆ

ಅಂಥ ಮನೆಯನ್ನು ನಾನು ಸಿನಿಮಾದಲ್ಲಿ ಮಾತ್ರ ನೋಡಿದ್ದೆ. ನೆಲದಿಂದ ಸೂರಿನವರೆಗೆ ಗಾಜು. ಗುಂಡಿ ಒತ್ತಿದರೆ ಪರದೆ ತಾನೇ ಸರಿಯುತ್ತದೆ. ಮೊದಲ ದಿನ ಮೊಮ್ಮಗಳು ಅದನ್ನು ಒಂದಿಪ್ಪತ್ತು ಸಲ ತೆರೆದು ಮುಚ್ಚಿದಳು. ಒಲೆಯಲ್ಲಿ ಬೆಂಕಿಯಿಲ್ಲ, ಕಪ್ಪು ಗಾಜಿನ ಹಲಗೆ ಅಷ್ಟೇ. ಆದರೂ ಸಾಸಿವೆ ಚಟಪಟ ಎಂದಿತು, ಒಗ್ಗರಣೆಯ ಘಮ ಪೋಲೆಂಡಿನ ಮೂವತ್ತೊಂದನೇ ಮಹಡಿಗೂ ಹಬ್ಬಿತು. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ಐದಕ್ಕೇ ಬೆಳಕು, ರಾತ್ರಿ ಎಂಟೂವರೆಗೂ ಬೆಳಕು. ದೇವರ ದೀಪ ಯಾವಾಗ ಹಚ್ಚಬೇಕೆಂದು ಗಡಿಯಾರವನ್ನೇ ಕೇಳಬೇಕಾಗಿತ್ತು!

ಪೋಲಿಷರ ಕೆಲವು ಪದ್ಧತಿಗಳು ನಮ್ಮವೇ ಅನ್ನಿಸುತ್ತವೆ. ಮನೆಯೊಳಗೆ ಬರುವಾಗ ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡುತ್ತಾರೆ. ಲಿಫ್ಟಿಗೆ ಹತ್ತಿದವರು ಗುರುತಿಲ್ಲದಿದ್ದರೂ ‘ಜೆನ್ ದೊಬ್ರಿ’ ಎನ್ನುತ್ತಾರೆ. ಒಳ್ಳೆಯ ದಿನ ಎಂದರ್ಥ. ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟುಗಳನ್ನು ಕಂಡಾಗ ನನಗೆ ದೇವರಾಜ ಮಾರುಕಟ್ಟೆಗೆ ಬಂದಷ್ಟು ಸಂತೋಷ. ಹೊಸ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ಮೇಲೆ ಸಬ್ಬಸಿಗೆ ಉದುರಿಸಿ, ಮೊಸರಿನಂಥ ಹುಳಿ ಹಾಲಿನ ಜೊತೆ ತಿನ್ನುವುದು ಅವರ ಬೇಸಿಗೆಯ ಊಟ. ‘ತ್ವಾರೂಗ್’ ಎಂಬ ಬಿಳಿ ಗಿಣ್ಣು ನಮ್ಮ ಪನೀರಿನ ಸೋದರ. ‘ಪಿಯೆರೋಗಿ’ ನೋಡಲು ಥೇಟ್ ಕರ್ಜಿಕಾಯಿ. ಆದರೆ ಕರಿಯುವುದಿಲ್ಲ, ಕಡುಬಿನ ಹಾಗೆ ಬೇಯಿಸುತ್ತಾರೆ. ಒಳಗೆ ಆಲೂಗಡ್ಡೆ ಮತ್ತು ಗಿಣ್ಣಿನ ಹೂರಣ. ಬೇಸಿಗೆಯಲ್ಲಿ ಹಣ್ಣಿನ ಹೂರಣವೂ ಉಂಟು.

ಕಿಟಕಿಯೆದುರಿನ ಅರಮನೆ

ಪರದೆ ಸರಿದೊಡನೆ ಎದುರಿಗೆ ಕಾಣುವುದು ಒಂದು ಬೃಹತ್ ಕಟ್ಟಡ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ತುದಿಯಲ್ಲಿ ಈಟಿಯಂಥ ಕಂಬ ಹೊತ್ತು ನಿಂತಿದೆ. ಹೆಸರು ‘ಸಂಸ್ಕೃತಿ ಮತ್ತು ವಿಜ್ಞಾನದ ಅರಮನೆ’. ರಾಜರು ವಾಸಿಸಿದ ಅರಮನೆಯಲ್ಲ. 1952ರಿಂದ 1955ರವರೆಗೆ ಸೋವಿಯತ್ ಒಕ್ಕೂಟ ಪೋಲೆಂಡಿಗೆ ‘ಉಡುಗೊರೆ’ಯಾಗಿ ಕಟ್ಟಿಕೊಟ್ಟದ್ದು. ತುದಿಯ ಕಂಬವೂ ಸೇರಿ 237 ಮೀಟರ್. ಬೇಡದಿದ್ದರೂ ಬಂದ ಉಡುಗೊರೆಯಾದ್ದರಿಂದ ಊರಿನವರು ಅದನ್ನು ಬಹುಕಾಲ ಗೇಲಿ ಮಾಡಿದರು. ಅವರ ಹಳೆಯ ನಗೆಮಾತೊಂದಿದೆ: ವಾರ್ಸಾದ ಅತ್ಯಂತ ಸುಂದರ ನೋಟ ಕಾಣುವುದು ಈ ಅರಮನೆಯ ಮೇಲಿಂದ. ಏಕೆಂದರೆ ಅಲ್ಲಿಂದ ಅರಮನೆಯೊಂದು ಕಾಣುವುದಿಲ್ಲ!

ಈಗ ಊರು ಅದಕ್ಕೆ ಒಗ್ಗಿಕೊಂಡಿದೆ. ಒಳಗೆ ನಾಟಕಶಾಲೆಗಳು, ವಸ್ತುಸಂಗ್ರಹಾಲಯಗಳು, ಮಕ್ಕಳು ಈಜು ಕಲಿಯುವ ಕೊಳ, ಬೊಂಬೆಯಾಟದ ರಂಗಮಂದಿರ ಎಲ್ಲ ಇವೆ. ಮೇಲೆ ಎಲ್ಲೋ ಬೈರಿ ಎಂಬ ಬೇಟೆ ಹಕ್ಕಿ ಗೂಡು ಕಟ್ಟುತ್ತದೆ. ಮೊಮ್ಮಗಳು ಬೆಳಗಿನ ಹಾಲು ಹಿಡಿದು ಗಾಜಿಗೆ ಹಣೆಯೊತ್ತಿ ಅದಕ್ಕಾಗಿ ಕಾಯುತ್ತಿದ್ದಳು. ನಾಲ್ಕನೇ ದಿನ ಏನೋ ರಿವ್ವನೆ ಹಾರಿತು. ಬೈರಿಯೋ ಪಾರಿವಾಳವೋ, ಅವಳ ಲೆಕ್ಕದಲ್ಲಿ ಬೈರಿಯೇ.

ಅರಮನೆಯ ಆಚೆ ವಿಸ್ತುಲಾ ನದಿ ಬೆಳ್ಳಿಗೆರೆಯಂತೆ ಹೊಳೆಯುತ್ತದೆ. ಎಡಕ್ಕೆ ದೂರದಲ್ಲಿ ಕೆಂಪು ಹೆಂಚಿನ ಹಳೇಪೇಟೆ. ‘ಹಳೇ’ ಎಂದರೂ ಅದರ ಬಹುಪಾಲು ಮನೆಗಳ ವಯಸ್ಸು ನನ್ನ ವಯಸ್ಸಿಗಿಂತ ಹೆಚ್ಚೇನಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ವಾರ್ಸಾದ ಶೇ 85ರಷ್ಟು ಕಟ್ಟಡಗಳು ನೆಲಸಮವಾಗಿದ್ದವು. ರಾಜಧಾನಿಯನ್ನೇ ಬೇರೆ ಊರಿಗೆ ಒಯ್ಯೋಣ ಎಂಬ ಮಾತೂ ಬಂದಿತ್ತು. ಜನ ಒಪ್ಪದೆ ಇಟ್ಟಿಗೆ ಆರಿಸಿ ಮತ್ತೆ ಕಟ್ಟಿದರು. ಮೊದಲು ಹೇಗಿತ್ತೆಂದು ತಿಳಿಯಲು, ಯುದ್ಧದ ನಡುವೆ ಬಚ್ಚಿಟ್ಟು ಉಳಿಸಿದ ನಕ್ಷೆಗಳನ್ನು ಹೊರತೆಗೆದರು. ಹದಿನೆಂಟನೇ ಶತಮಾನದಲ್ಲಿ ಬೆಲ್ಲೊತ್ತೊ ಎಂಬ ಇಟಲಿಯ ಕಲಾವಿದ ಬೀದಿಬೀದಿಯನ್ನೂ ಬಿಡಿಸಿದ್ದ ಚಿತ್ರಗಳನ್ನು ಮುಂದಿಟ್ಟುಕೊಂಡರು. ಹೀಗೆ ಮತ್ತೆ ಹುಟ್ಟಿದ ಹಳೇಪೇಟೆ 1980ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಐದು ಗಂಟೆಯ ಸೈರನ್

ಆಗಸ್ಟ್ 1, ಸಂಜೆ ಐದು ಗಂಟೆ. ನಾನು ಕಾಫಿ ಬೆರೆಸುತ್ತಿದ್ದೆ. ಇದ್ದಕ್ಕಿದ್ದಂತೆ ಊರಿನ ನಾಲ್ಕು ಮೂಲೆಯಿಂದ ಸೈರನ್ ಮೊಳಗಿತು. ಮೊಮ್ಮಗಳು ಓಡಿಬಂದು ನನ್ನ ಸೆರಗು ಹಿಡಿದಳು. ಕೆಳಗೆ ನೋಡಿದರೆ ಬಸ್ಸು, ಕಾರು, ಟ್ರಾಮು ಎಲ್ಲ ನಿಂತಿವೆ. ಜನ ಕಾರಿನಿಂದ ಇಳಿದು ರಸ್ತೆಯಲ್ಲೇ ನೆಟ್ಟಗೆ ನಿಂತಿದ್ದಾರೆ. ಅರಮನೆಯ ಆಚೆಯ ದೊಡ್ಡ ವೃತ್ತದ ಕಡೆಯಿಂದ ಕೆಂಪು ಹೊಗೆ ಏಳುತ್ತಿದೆ. ಒಂದು ನಿಮಿಷ ಕಳೆಯಿತು. ಮತ್ತೆ ಎಲ್ಲವೂ ಚಲಿಸಿತು.

1944ರ ಅದೇ ದಿನ, ಅದೇ ಹೊತ್ತಿಗೆ ವಾರ್ಸಾದ ಜನ ತಮ್ಮ ಊರನ್ನು ಆಕ್ರಮಿಸಿದ್ದ ಜರ್ಮನ್ ನಾಜಿ ಸೈನ್ಯದ ವಿರುದ್ಧ ಎದ್ದು ನಿಂತರು. 63 ದಿನ ಹೋರಾಡಿ ಸೋತರು. ಆಮೇಲೆ ನಾಜಿಗಳು ಉಳಿದ ಮನೆಗಳನ್ನೂ ಒಂದೊಂದಾಗಿ ಸುಟ್ಟು, ಸಿಡಿಸಿ ಹಾಕಿದರು. ಆ ನೆನಪಿಗೆ ಪ್ರತಿವರ್ಷ ಇಡೀ ಊರು ಒಂದು ನಿಮಿಷ ನಿಲ್ಲುತ್ತದೆ.

ಇಷ್ಟು ಹೇಳಿದೆ. ಅವಳು ಕೇಳಿದಳು, “ಅಜ್ಜಿ, ಆಗ ಇಲ್ಲಿ ನನ್ನಂಥ ಮಕ್ಕಳೂ ಇದ್ರಾ?”

ಮಗಳು ನನ್ನತ್ತ ನೋಡಿ ಮೆಲ್ಲಗೆ ಅಂದಳು, “ಅಮ್ಮ, ಸಾಕು. ರಾತ್ರಿ ನಿದ್ದೆ ಮಾಡಲ್ಲ ಅವಳು.”

ತಾಯಿಯ ಮಾತು ಸುಳ್ಳಲ್ಲ. ಆದರೆ ಮಗು ಸೈರನ್ ಕೇಳಿಯಾಗಿತ್ತು, ಜನ ನಿಂತದ್ದನ್ನು ನೋಡಿಯಾಗಿತ್ತು. ಅವಳು ಕಲಿಯುತ್ತಿರುವುದೂ ಜರ್ಮನಿಯ ಶಾಲೆಯಲ್ಲಿ. ಇಂದಲ್ಲ ನಾಳೆ ಪಾಠದಲ್ಲಿ ಓದುವುದನ್ನು ಅಜ್ಜಿಯ ಪಕ್ಕದಲ್ಲಿ ಕೂತು ಕೇಳುವುದೇ ವಾಸಿ ಎಂದು ನನಗನ್ನಿಸಿತು. “ಅವಳಿಗೆ ಎಷ್ಟು ತಾಳುತ್ತೋ ಅಷ್ಟೇ ಹೇಳ್ತೀನಿ” ಅಂದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೂ ಬಂದು ಪಕ್ಕದಲ್ಲಿ ಕೂತಳು.

ಅರಮನೆಯ ಜಾಗದಲ್ಲಿದ್ದ ಮಕ್ಕಳ ಮನೆ

ಕಿಟಕಿಯಿಂದ ಅರಮನೆಯ ಎಡಗಡೆ ಹಸಿರು ಉದ್ಯಾನವೊಂದು ಕಾಣುತ್ತದೆ. ಅಲ್ಲೊಂದು ಪ್ರತಿಮೆ ಇದೆ, ಮಕ್ಕಳ ನಡುವೆ ನಿಂತ ಒಬ್ಬ ತಾತನದು. ಅವರೇ ಯಾನುಷ್ ಕೋರ್ಚಾಕ್. ವೃತ್ತಿಯಿಂದ ಮಕ್ಕಳ ಡಾಕ್ಟರು. ಮಕ್ಕಳಿಗಾಗಿ ಕಥೆ ಬರೆದವರು. ಯಹೂದಿ ಅನಾಥ ಮಕ್ಕಳ ಮನೆಯೊಂದನ್ನು ಮೂವತ್ತು ವರ್ಷ ನಡೆಸಿದವರು.

ಮಕ್ಕಳೇ, ಆ ಮನೆಯ ವ್ಯವಸ್ಥೆ ಹೇಗಿತ್ತು ಗೊತ್ತೇ? ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ಯಾರಾದರೂ ತಪ್ಪು ಮಾಡಿದರೆ ಮಕ್ಕಳೇ ವಿಚಾರಣೆ ನಡೆಸುತ್ತಿದ್ದರು. ಬಹುಪಾಲು ತೀರ್ಪು ಒಂದೇ, ಕ್ಷಮಿಸುವುದು. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. ಡಾಕ್ಟರೇ ಹಲವು ಸಲ ಆ ನ್ಯಾಯಾಲಯದ ಮುಂದೆ ನಿಂತರು. 1926ರಲ್ಲಿ ಅವರು ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನೂ ಆರಂಭಿಸಿದರು. ನೀವು ಈಗ ಕೈಯಲ್ಲಿ ಹಿಡಿದಿರುವ ಪತ್ರಿಕೆಯ ಹಾಗೆಯೇ ಅದಕ್ಕಾಗಿಯೂ ಮಕ್ಕಳು ವಾರವಿಡೀ ಕಾಯುತ್ತಿದ್ದರು.

1940ರಲ್ಲಿ ನಾಜಿಗಳು ಊರಿನ ಯಹೂದಿಗಳನ್ನೆಲ್ಲ ಒಂದೇ ಕಡೆ ಕೂಡಿ ಸುತ್ತ ಎತ್ತರದ ಗೋಡೆ ಎಬ್ಬಿಸಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಆ ಗೋಡೆಯೊಳಗೆ ಸಿಕ್ಕಿಬಿದ್ದರು. ನಾವಿದ್ದ ಜ್ವೋತಾ ಬೀದಿಯಲ್ಲೇ ಸ್ವಲ್ಪ ಮುಂದೆ ಹೋದರೆ, ಮನೆಗಳ ಹಿತ್ತಲಲ್ಲಿ ಆ ಗೋಡೆಯ ತುಂಡು ಇಂದಿಗೂ ನಿಂತಿದೆ. ಕೋರ್ಚಾಕರ ಮಕ್ಕಳ ಮನೆಯೂ ಗೋಡೆಯೊಳಗೆ ಹೋಗಬೇಕಾಯಿತು. ಅದು ಕೊನೆಗೆ ನೆಲೆಸಿದ್ದ ಕಟ್ಟಡ ಇದ್ದದ್ದು ಈಗ ಅರಮನೆ ನಿಂತಿರುವ ಜಾಗದಲ್ಲೇ.

ಅಲ್ಲಿ, 1942ರ ಜುಲೈ 18ರಂದು, ಹಸಿದ ಮಕ್ಕಳು ಒಂದು ನಾಟಕ ಆಡಿದರು. ನಮ್ಮ ರವೀಂದ್ರನಾಥ ಟಾಗೋರರ ‘ಡಾಕ್ ಘರ್’, ಅಂದರೆ ಅಂಚೆಮನೆ. ಅಮಲ್ ಎಂಬ ಕಾಯಿಲೆಯ ಹುಡುಗ. ಹೊರಗೆ ಹೋಗಬಾರದೆಂದು ವೈದ್ಯರ ಕಟ್ಟಪ್ಪಣೆ. ಅವನಿಗಿರುವುದು ಒಂದು ಕಿಟಕಿ ಮಾತ್ರ. ದಾರಿಯಲ್ಲಿ ಹೋಗುವ ಮೊಸರು ಮಾರುವವನನ್ನು, ಕಾವಲುಗಾರನನ್ನು, ಹೂವಿನ ಹುಡುಗಿಯನ್ನು ಅವನು ಕೂಗಿ ಮಾತಾಡಿಸುತ್ತಾನೆ. ಎದುರಿಗೆ ರಾಜನ ಅಂಚೆಮನೆ ಬಂದಿದೆ, ತನಗೂ ಒಂದು ದಿನ ರಾಜನ ಕಾಗದ ಬರುತ್ತದೆಂದು ಕಾಯುತ್ತಾನೆ. ಕೊನೆಗೆ ರಾಜವೈದ್ಯರು ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾರೆ. ಅಮಲ್ ಶಾಂತವಾಗಿ ಕಣ್ಮುಚ್ಚುತ್ತಾನೆ.

ಗೋಡೆಯೊಳಗಿನ ಮಕ್ಕಳಿಗೆ ಅಮಲ್ ಎಷ್ಟು ಹತ್ತಿರದವನಾಗಿ ಕಂಡಿರಬೇಕು!

ನಾಟಕವಾಗಿ ನಾಲ್ಕೇ ದಿನಕ್ಕೆ, ಗೋಡೆಯೊಳಗಿನವರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾ ಎಂಬಲ್ಲಿಗೆ ಸಾಗಿಸುವುದು ಶುರುವಾಯಿತು. ಅಲ್ಲಿಗೆ ಹೋದವರು ಹಿಂತಿರುಗುತ್ತಿರಲಿಲ್ಲ. ಆಗಸ್ಟ್ ಮೊದಲ ವಾರ ಮಕ್ಕಳ ಮನೆಯ ಸರದಿ ಬಂತು. ಕೋರ್ಚಾಕರನ್ನು ಉಳಿಸಲು ಗೆಳೆಯರು ಮೊದಲೇ ಪ್ರಯತ್ನಿಸಿದ್ದರು. ಅವರು ಒಪ್ಪಲಿಲ್ಲ. ಸುಮಾರು ಇನ್ನೂರು ಮಕ್ಕಳ ಜೊತೆ, ಮಕ್ಕಳನ್ನು ಅಷ್ಟೂ ವರ್ಷ ಸಾಕಿದ್ದ ಸ್ತೆಫಾನ್ಯಾ ವಿಲ್ಚಿನ್ಸ್ಕಾ ಮತ್ತಿತರರ ಜೊತೆ, ರೈಲಿನವರೆಗೆ ನಡೆದೇ ಹೋದರು.

ಮೊಮ್ಮಗಳು ಅಳಲಿಲ್ಲ. ಬಹಳ ಹೊತ್ತು ಅರಮನೆಯ ಕಡೆ ನೋಡಿದಳು. “ಡಾಕ್ಟರ್ ತಾತ ಹೋಗದೇ ಇರಬಹುದಿತ್ತಲ್ವಾ ಅಜ್ಜಿ?”

“ಇರಬಹುದಿತ್ತು.”

“ಆದ್ರೆ ಮಕ್ಕಳಿಗೆ ಭಯ ಆಗ್ತಿತ್ತು. ಅದಕ್ಕೇ ಹೋದ್ರು.”

ಮರುದಿನ ಬೆಳಿಗ್ಗೆ ಅವಳೇ ಮೊದಲು ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದಳು. ಉದ್ಯಾನಕ್ಕೆ ಹೋದೆವು. ಪ್ರತಿಮೆಯ ಬುಡದಲ್ಲಿ ಅವಳು ಹೂವಿಟ್ಟಳು. ಹಿಂದಿನ ರಾತ್ರಿ ನಿದ್ದೆ ಚೆನ್ನಾಗಿಯೇ ಬಂದಿತ್ತು.

ಒಳ್ಳೆಯ ಮಹಾರಾಜರ ಚೌಕ

ಹೊರಡುವ ಮುಂಚೆ ಇನ್ನೊಂದು ಜಾಗ ನೋಡುವುದಿತ್ತು. ವಾರ್ಸಾದ ಓಹೊತಾ ಎಂಬ ಬಡಾವಣೆಯಲ್ಲಿ ‘ಒಳ್ಳೆಯ ಮಹಾರಾಜರ ಚೌಕ’ ಇದೆ. ಆ ಮಹಾರಾಜರು ನಮ್ಮ ದೇಶದವರು, ಗುಜರಾತಿನ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ. ರಣಜಿ ಟ್ರೋಫಿ ಯಾರ ಹೆಸರಿನಲ್ಲಿದೆಯೋ ಆ ರಣಜಿತ್‌ಸಿಂಹಜಿಯವರ ಸಹೋದರನ ಮಗ ಎಂದರೆ ಕ್ರಿಕೆಟ್ ಪ್ರಿಯರಿಗೆ ಬೇಗ ಗುರುತು ಸಿಗುತ್ತದೆ.

ಅದೇ 1942. ಸೋವಿಯತ್ ದೇಶಕ್ಕೆ ಗಡಿಪಾರಾಗಿ ತಂದೆತಾಯಿ ಕಳೆದುಕೊಂಡಿದ್ದ ಪೋಲಿಷ್ ಮಕ್ಕಳು ನಿಲ್ಲಲು ನೆಲೆಯಿಲ್ಲದೆ ಅಲೆಯುತ್ತಿದ್ದರು. ಮಹಾರಾಜರು ಅವರನ್ನು ಕರೆಸಿಕೊಂಡು ಸಮುದ್ರತೀರದ ಬಾಲಾಚಡಿಯಲ್ಲಿ ಮನೆ, ಶಾಲೆ ಕಟ್ಟಿಸಿಕೊಟ್ಟರು. ನೀವು ಅನಾಥರಲ್ಲ, ಇನ್ನು ನಾನೇ ನಿಮಗೆ ‘ಬಾಪು’ ಎಂದರಂತೆ. ಯುದ್ಧ ಮುಗಿಯುವವರೆಗೂ ಸಾಕಿದರು. ನಮ್ಮ ಬೆಳಗಾವಿಗೆ ನೆರೆಯ ಕೊಲ್ಹಾಪುರದ ವಳಿವಡೆಯಲ್ಲೂ ಸುಮಾರು ಐದು ಸಾವಿರ ಪೋಲಿಷರು ಆಶ್ರಯ ಪಡೆದಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು.

ಚೌಕವೆಂದರೆ ಮನೆಗಳ ನಡುವಿನ ಚಿಕ್ಕ ಹಸಿರು ಜಾಗ. ಮಹಾರಾಜರ ನೆನಪಿನ ಕಲ್ಲೊಂದಿದೆ. ಬೆಂಚಿನ ಮೇಲೆ ಕೂತಿದ್ದ ಪೋಲಿಷ್ ಅಜ್ಜಿಯೊಬ್ಬರು ನನ್ನ ಸೀರೆ ನೋಡಿ ಕಲ್ಲಿನತ್ತ ಕೈ ತೋರಿಸಿ, ಆ ಕೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿದರು. ನಾನು ಕೈ ಮುಗಿದೆ. ಅಷ್ಟು ದಿನದಲ್ಲಿ ಕಲಿತಿದ್ದ ‘ಜೆಂಕುಯೆ’ ಎಂಬ ಪದವನ್ನು, ಅಂದರೆ ಧನ್ಯವಾದವನ್ನು, ಮೊಮ್ಮಗಳು ನನ್ನ ಪರವಾಗಿ ಹೇಳಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, “ಬೆಳಗಾವಿ ಚಿಕ್ಕಜ್ಜಿ ಮನೆಯಿಂದ ಆ ವಳಿವಡೆ ಎಷ್ಟು ದೂರ?”

“ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಸೇರಬಹುದು.”

“ಮುಂದಿನ ಸಲ ಇಂಡಿಯಾಗೆ ಬಂದಾಗ ಅಲ್ಲಿಗೇ ಮೊದಲು ಹೋಗೋಣ” ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಳು.