ಚೀಟಿಯಲ್ಲಿ ಬರೆದ ಭವಿಷ್ಯ

ನಿಮ್ಮ ಮನೆಯಲ್ಲಿ ಎಸೆಸ್ಸೆಲ್ಸಿ ಓದುವ ಮಗಳೋ ಮಗನೋ ಇದ್ದರೆ ಪರೀಕ್ಷೆಗೆ ಮುಂಚಿನ ಕೆಲವು ದಿನ ಅವರನ್ನು ಸ್ವಲ್ಪ ಗಮನಿಸಿ. ಪುಸ್ತಕ ತೆರೆದೇ ಇರುತ್ತದೆ. ಆದರೆ ಪುಸ್ತಕದ ಒಳಗೆ ಇನ್ನೊಂದು ಕಾಗದ ಇರುತ್ತದೆ. ನೀವು ಹತ್ತಿರ ಹೋದೊಡನೆ ಅದು ಮಾಯವಾಗುತ್ತದೆ. ಗಾಬರಿಯಾಗಬೇಡಿ. ಬಹುಮಟ್ಟಿಗೆ ಅದು ಬೀಳ್ಕೊಡುಗೆಯ ದಿನ ಓದಲು ಬರೆಯುತ್ತಿರುವ ಪಟ್ಟಿಯಾಗಿರುತ್ತದೆ. ಇಪ್ಪತ್ತು ವರ್ಷಗಳ ನಂತರ ನಮ್ಮ ಕ್ಲಾಸಿನಲ್ಲಿ ಯಾರು ಏನಾಗಿರುತ್ತಾರೆ? ಅದೇ ಪಟ್ಟಿ.

ನಮ್ಮ ಬೆಳಗಾವಿ ಕಡೆ ಇದಕ್ಕೆ ಫಿಶ್‌ಪಾಂಡ್ ಎನ್ನುತ್ತಾರೆ. ಪಕ್ಕದ ಮಹಾರಾಷ್ಟ್ರದಲ್ಲೂ ಗ್ಯಾದರಿಂಗ್ ಎಂದರೆ ಫಿಶ್‌ಪಾಂಡ್ ಇರಲೇಬೇಕು. ಒಂದು ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿರುತ್ತಾರೆ. ಒಬ್ಬರು ಒಂದೊಂದೇ ಎತ್ತಿ ಗಟ್ಟಿಯಾಗಿ ಓದುತ್ತಾರೆ. ಯಾರ ಬಗ್ಗೆ ಎಂಬುದು ಬರೆದಿರುತ್ತದೆ, ಬರೆದವರು ಯಾರೆಂಬುದು ಇರುವುದಿಲ್ಲ. ಹೆಸರು ಬಂದವರು ಎದ್ದು ಹೋಗಿ, ಎಲ್ಲರ ನಗುವಿನ ನಡುವೆ ಚೀಟಿ ಇಸಿದುಕೊಂಡು ಬಂದು ಕೂರಬೇಕು. ನಾವಿರುವುದು ಕ್ಯಾಂಪಿನಲ್ಲಿ. ಇಲ್ಲಿ ಮೀನು ಮಾರ್ಕೆಟ್ಟೂ ಇದೆ. “ನಾಳೆ ಫಿಶ್‌ಪಾಂಡ್ ಇದೆ, ಬರುವುದು ತಡವಾಗುತ್ತದೆ” ಎಂದು ಹೇಳಿದ್ದಕ್ಕೆ ನನ್ನ ದಾದಿ, “ಮೀನು ತರುವುದಾದರೆ ಬೆಳಿಗ್ಗೆಯೇ ಹೋಗು, ತಡವಾದರೆ ಒಳ್ಳೆಯದು ಉಳಿಯುವುದಿಲ್ಲ” ಎಂದಿದ್ದರು. ಆಟ ಏನೆಂದು ಬಿಡಿಸಿ ಹೇಳಿದ ಮೇಲೆ ಅವರಿಗೆ ಇನ್ನೊಂದು ಚಿಂತೆ: “ಇನ್‌ಶಾ ಅಲ್ಲಾಹ್ ಅನ್ನದೆ ಇಪ್ಪತ್ತು ವರ್ಷದ ಮಾತು ಆಡುತ್ತೀರಲ್ಲ!”

ಅದು 1998. ನಮ್ಮದು ಹುಡುಗರು ಹುಡುಗಿಯರು ಕೂಡಿ ಓದುವ ಶಾಲೆ. ಅಂಗಡಿಕಾರರ ಮಕ್ಕಳು, ಮಿಲಿಟರಿಯಲ್ಲಿದ್ದವರ ಮಕ್ಕಳು, ಖಾನಾಪುರದಿಂದ ಬಸ್ಸಿಗೆ ಬರುವವರು, ಮನೆಯಲ್ಲಿ ಉರ್ದು ಆಡುವವರು, ಮರಾಠಿ ಆಡುವವರು, ಎಲ್ಲರೂ ಇದ್ದೆವು. ಅಂದು ಓದಿದ ಚೀಟಿಗಳಲ್ಲಿ ಕೆಲವು ನನಗೆ ಈಗಲೂ ಬಾಯಿಪಾಠ. ಗಣಿತದಲ್ಲಿ ಸದಾ ಮುಂದಿರುವ ಹುಡುಗನಿಗೆ ಬಂದದ್ದು: “ಕಿರಾಣಿ ಅಂಗಡಿ ತೆರೆದು, ಮೊದಲ ದಿನವೇ ಗೆಳೆಯರಿಗೆಲ್ಲ ಉದ್ರಿ ಕೊಟ್ಟು, ಎರಡನೇ ದಿನ ಬಾಗಿಲು ಹಾಕಿದವ.” ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುವವನಿಗೆ: “ಗಾದಿ ಕಾರ್ಖಾನೆಯ ಮಾಲೀಕ. ತಯಾರಾದ ಪ್ರತಿಯೊಂದು ಗಾದಿಯನ್ನೂ ತಾನೇ ಮಲಗಿ ಪರೀಕ್ಷಿಸುತ್ತಾನೆ.” ದಿನಾ ತಡವಾಗಿ ಬರುವವನಿಗೆ: “ತನ್ನ ವಲೀಮಾಕ್ಕೆ ಊಟ ಮುಗಿದು ಪಾತ್ರೆ ತೊಳೆಯುವಾಗ ಬಂದವ.” ಬಾಯಿ ನಿಲ್ಲದ ಒಬ್ಬಳಿಗೆ: “ಧಾರವಾಡ ಆಕಾಶವಾಣಿಯವರು ಕೆಲಸಕ್ಕೆ ಕರೆದು ಎರಡೇ ದಿನದಲ್ಲಿ ಕೈ ಮುಗಿದು ಕಳಿಸಿದರು.” ಇನ್ನು ನನಗೆ. ಸರ್ ಬೋರ್ಡಿನ ಮೇಲೆ ಒತ್ತಕ್ಷರ ತಪ್ಪಿದರೂ ಕೈ ಎತ್ತುವ ಅಭ್ಯಾಸ ನನಗಿತ್ತು. ನನ್ನ ಚೀಟಿಯಲ್ಲಿ, “ಆಮಂತ್ರಣ ಪತ್ರಿಕೆಯಲ್ಲಿ ಕಾಗುಣಿತ ತಪ್ಪಿದೆ ಎಂದು ತನ್ನ ಮದುವೆಯನ್ನೇ ಒಂದು ತಿಂಗಳು ಮುಂದೂಡಿದವಳು” ಎಂದಿತ್ತು. ನಿಕಾಹ್ ಸರಿಯಾದ ದಿನವೇ ಆಯಿತು, ಕಾರ್ಡಿನಲ್ಲಿ ಎರಡು ತಪ್ಪಿದ್ದದ್ದೂ ನಿಜ.

ನಕ್ಕು ಹಗುರಾಗುವ ಮಾತುಗಳು. ಹದಿನೈದು ಹದಿನಾರರ ಮಕ್ಕಳು ಅಗಲುವ ದುಃಖವನ್ನು ನೇರವಾಗಿ ಹೇಳಲಾರರು, ಹೀಗೆ ಹೇಳುತ್ತಾರೆ. ಆದರೆ ಓದುಗ ಸಹೋದರಿಯರೇ, ಆ ಚೀಟಿಗಳನ್ನು ಈಗ ಮನಸ್ಸಿನಲ್ಲೇ ಹರವಿಕೊಂಡು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹುಡುಗರ ಚೀಟಿಯಲ್ಲಿ ಏನೇ ತಮಾಷೆ ಇರಲಿ, ಒಂದು ಅಂಗಡಿ ಇತ್ತು, ಕಾರ್ಖಾನೆ ಇತ್ತು, ಲಾರಿ ಇತ್ತು. ದಿವಾಳಿಯಾದರೂ ದಿವಾಳಿಯಾಗುವುದಕ್ಕೆ ಅವರದೇ ಒಂದು ವ್ಯಾಪಾರವಿತ್ತು. ಹುಡುಗಿಯರ ಚೀಟಿಗಳಲ್ಲಿ ಹೆಚ್ಚಿನವು ಅಡುಗೆಮನೆ ದಾಟಲಿಲ್ಲ. ಅತ್ತೆಯೊಂದಿಗೆ ಜಗಳ, ಹೊತ್ತಿದ ಅನ್ನ, ಸಾಲಾಗಿ ನಿಂತ ಮಕ್ಕಳು. ಬರೆದವರು ಬರೀ ಹುಡುಗರಲ್ಲ, ಅರ್ಧಕ್ಕಿಂತ ಹೆಚ್ಚು ನಾವು ಹುಡುಗಿಯರೇ ಬರೆದಿದ್ದು. ಸಂಸಾರ, ಮಕ್ಕಳು ಎಂದರೆ ಕೀಳು ಎಂದು ನಾನು ಹೇಳುತ್ತಿಲ್ಲ. ನನಗೂ ಸಂಸಾರವಿದೆ, ಅನ್ನ ನನ್ನದೂ ಆಗಾಗ ಹೊತ್ತುತ್ತದೆ. ಆದರೆ ತಮಾಷೆಗಾಗಿಯಾದರೂ ಹುಡುಗಿಗೊಂದು ಕೆಲಸ ಕಲ್ಪಿಸುವುದು ನಮಗೆ ಅಷ್ಟು ಕಷ್ಟವಾಗಿತ್ತು.

ಅದಕ್ಕೆ ಹೊರತಾದ ಒಂದು ಚೀಟಿ ಅಂದು ಎಲ್ಲಕ್ಕಿಂತ ಹೆಚ್ಚು ನಗು ತರಿಸಿತು. ನಮ್ಮ ಕ್ಲಾಸಿನ ಮಾನಿಟರ್ ಬಹಳ ಕಟ್ಟುನಿಟ್ಟಿನ ಹುಡುಗಿ. ಆಕೆಗೆ ಬಂದದ್ದು “ಮಿಲಿಟರಿ ಪೊಲೀಸ್”. ಕ್ಯಾಂಪಿನವರಿಗೆ ಈ ಮಾತಿನ ಗಮ್ಮತ್ತು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ. ಬೆಳಿಗ್ಗೆ ಓಡುವ ಜವಾನರನ್ನು ನೋಡುತ್ತಲೇ ನಾವು ಬೆಳೆದವರು. ಆದರೆ ಆ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಓಡುವುದನ್ನು ಯಾರೂ ನೋಡಿರಲಿಲ್ಲ. ಅದಕ್ಕೇ ಅಷ್ಟು ನಗು. ವೈದ್ಯಕೀಯ ವಿಭಾಗವನ್ನು ಬಿಟ್ಟು ಸೈನ್ಯದ ಬೇರೆ ವಿಭಾಗಗಳಿಗೂ 1992ರಿಂದಲೇ ಮಹಿಳಾ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತಿದ್ದರು ಎಂಬುದು ಮಿಲಿಟರಿ ಗೋಡೆಯ ಪಕ್ಕದಲ್ಲೇ ಇದ್ದ ನಮಗೆ ಗೊತ್ತಿರಲಿಲ್ಲ. ನಮಗೆ ಯಾರೂ ಹೇಳಿರಲಿಲ್ಲ.

ಮುಂದೆ ಏನಾಯಿತು ನೋಡಿ. 2021ರ ಮೇ 8ರಂದು ಬೆಂಗಳೂರಿನಲ್ಲಿ 83 ಯುವತಿಯರು ತರಬೇತಿ ಮುಗಿಸಿ ಸೈನ್ಯಕ್ಕೆ ಸೇರಿದರು. ಮಹಿಳಾ ಮಿಲಿಟರಿ ಪೊಲೀಸರ ಮೊದಲ ತಂಡ ಅದು. ನಮ್ಮ ಮಾನಿಟರಳ ಚೀಟಿಯಲ್ಲಿದ್ದ ಅದೇ ಹೆಸರು! ಅನಂತರ 2025ರ ಮೇ 7ರಂದು, ಆಪರೇಷನ್ ಸಿಂಧೂರದ ವಿವರವನ್ನು ದೇಶಕ್ಕೆ ತಿಳಿಸಲು ಟಿ.ವಿ.ಯ ಮುಂದೆ ಬಂದವರಲ್ಲಿ ಒಬ್ಬರು ಕರ್ನಲ್ ಸೋಫಿಯಾ ಖುರೇಶಿ. ಹುಟ್ಟಿದ್ದು ವಡೋದರಾದಲ್ಲಿ, ಸೈನ್ಯ ಸೇರಿದ್ದು 1999ರಲ್ಲಿ, ಅಂದರೆ ನಮ್ಮ ಫಿಶ್‌ಪಾಂಡಿನ ಮರುವರ್ಷ. 2016ರಲ್ಲಿ ಪುಣೆಯಲ್ಲಿ ಹದಿನೆಂಟು ದೇಶಗಳು ಸೇರಿ ನಡೆಸಿದ ಸೈನಿಕ ತಾಲೀಮಿನಲ್ಲಿ ಭಾರತದ ತಂಡವನ್ನು ಮುನ್ನಡೆಸಿದವರೂ ಅವರೇ. ಅವರು ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ ಎಂದು ತಿಳಿದಾಗ ಬೆಳಗಾವಿ ಜಿಲ್ಲೆಯ ಮನೆಮನೆಯಲ್ಲಿ ಅದೇ ಮಾತು. ಅವತ್ತು ರಾತ್ರಿ ನಮ್ಮ ಮಾನಿಟರ್ ಫೋನ್ ಮಾಡಿದಳು. ಆಕೆ ಈಗ ಹೊಲಿಗೆ ತರಬೇತಿ ನಡೆಸುತ್ತಾಳೆ. ಐದು ನಿಮಿಷ ತಡವಾದರೆ ಒಳಗೆ ಬಿಡುವುದಿಲ್ಲ, ದೊಡ್ಡ ಹೆಂಗಸರನ್ನೂ ಬಾಗಿಲಲ್ಲಿ ನಿಲ್ಲಿಸುತ್ತಾಳೆ. “ನೋಡಿದಿಲ್ಲ? ನನ್ನ ಚೀಟಿ ಬ್ಯಾರೆಯವರ ಮನೀಗೆ ಹೋಗೇತಿ” ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ.

ನಗಿಸಿದ ಚೀಟಿಗಳ ಮಾತು ಇಷ್ಟಾಯಿತು. ನಗಬಾರದಿದ್ದ ಚೀಟಿಯೂ ಒಂದಿತ್ತು.

“ಮುಂದಿನ ತಿಂಗಳ ಮದುವಣಗಿತ್ತಿ.” ಓದಿದ ಕೂಡಲೇ ಎಂದಿನಂತೆ ಚಪ್ಪಾಳೆ, ಗಲಾಟೆ. ಮುಂದಿನ ಕುರ್ಚಿಗಳಲ್ಲಿದ್ದ ಶಿಕ್ಷಕರೂ ನಕ್ಕರು. ಆ ಹುಡುಗಿ ಎದ್ದು ಹೋಗಿ ಚೀಟಿ ತೆಗೆದುಕೊಂಡು ಬಂದಳು, ಮಡಿಸಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟಳು. ಪರೀಕ್ಷೆ ಮುಗಿದ ಕೆಲವೇ ದಿನಗಳಲ್ಲಿ ಆಕೆಯ ಮದುವೆಯಾಯಿತು. ವಯಸ್ಸು ಹದಿನಾರು. ಹುಡುಗಿಗೆ ಹದಿನೆಂಟು ತುಂಬಿರಬೇಕು ಎಂಬ ಕಾನೂನು 1978ರಿಂದಲೇ ಇತ್ತು. ಹೆಚ್ಚು ಬಿಗಿಯಾದ 2006ರ ಕಾನೂನು 2007ರ ನವೆಂಬರ್ 1ರಿಂದ ಜಾರಿಗೆ ಬಂತು. ಆದರೆ ಆ ಸಭೆಯಲ್ಲಿ ಕಾನೂನು ಯಾರ ನೆನಪಿಗೂ ಬರಲಿಲ್ಲ. ನನ್ನನ್ನು ಈಗಲೂ ಕಾಡುವುದು ಚೀಟಿ ಬರೆದವರ ವಿಷಯ. ಯಾರೋ ಒಬ್ಬಳಿಗೆ ಸಂಗತಿ ಮೊದಲೇ ಗೊತ್ತಿತ್ತು. ಅದನ್ನು ದೊಡ್ಡವರ ಮುಂದೆ ನೇರವಾಗಿ ಹೇಳುವ ಧೈರ್ಯ ಇರಲಿಲ್ಲ. ಹೆಸರು ಹಾಕದೆ ಎಲ್ಲರ ಮುಂದೆ ಹೇಳಲು ಆ ಹುಡುಗಿಗೆ ಸಿಕ್ಕಿದ್ದು ಫಿಶ್‌ಪಾಂಡಿನ ಡಬ್ಬಿಯೊಂದೇ. ತಮಾಷೆಗೆ ಬರೆದಿರಲಾರಳು, ಯಾರಾದರೂ ಕೇಳಲಿ ಎಂದೇ ಬರೆದಿರಬೇಕು ಎಂದು ನನಗೆ ಅನಿಸುತ್ತದೆ.

ಚುಚ್ಚುವ ಚೀಟಿಗಳ ಮಾತು ಬೇರೆ. ದಪ್ಪಗಿದ್ದವಳು, ಕಪ್ಪಗಿದ್ದವಳು, ತೊದಲುವವನು, ಇವರ ಬಗ್ಗೆ ಬರೆಯುವುದು ಎಲ್ಲಕ್ಕಿಂತ ಸುಲಭ. ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತವನ್ನು ನೀವೆಲ್ಲ ಓದಿದ್ದೀರಿ. ಅಲ್ಲಿ ಇತರರನ್ನು ಗೇಲಿ ಮಾಡಬೇಡಿರೆಂದು ಪುರುಷರಿಗೆ ಹೇಳಿ ಮುಗಿಸಿಲ್ಲ, ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಿ ಅದೇ ಮಾತು ಹೇಳಲಾಗಿದೆ, ಅಡ್ಡಹೆಸರಿನಿಂದ ಕರೆಯುವುದನ್ನೂ ತಡೆಯಲಾಗಿದೆ. ನಮ್ಮ ಕಾಲದಲ್ಲಿ ಕೆಟ್ಟ ಚೀಟಿಯನ್ನು ಹರಿದು ಕಿಟಕಿಯಾಚೆ ಎಸೆಯಬಹುದಿತ್ತು. ಈಗ ಅದು ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ಒಬ್ಬರು ಅಳಿಸಿದರೆ ಇನ್ನೊಬ್ಬರ ಮೊಬೈಲಿನಲ್ಲಿ ಉಳಿದಿರುತ್ತದೆ. ನನ್ನ ಮಗಳ ಶಾಲೆಯಲ್ಲಿ ಒಬ್ಬ ಟೀಚರ್ ಚೀಟಿಗಳನ್ನೆಲ್ಲ ಮೊದಲು ತಾವು ಓದಿ, ಆಮೇಲೆ ಡಬ್ಬಿಗೆ ಹಾಕಿಸುತ್ತಾರೆ. ಮಕ್ಕಳಿಗೆ ಅವರ ಮೇಲೆ ಸಿಟ್ಟು. ನನಗಂತೂ ಅವರ ಮೇಲೆ ಬಹಳ ಗೌರವ.

ಖಾನಾಪುರದ ಗೆಳತಿಯ ವಿಷಯ ಹೇಳದೆ ಹೋದರೆ ಆಕೆ ನನ್ನನ್ನು ಬಿಡುವುದಿಲ್ಲ. ಬಸ್ ತಪ್ಪಿತು, ಬಸ್ ಕೆಟ್ಟಿತು, ಬಸ್ ನಿಲ್ಲಿಸಲಿಲ್ಲ, ಆಕೆ ತಡವಾದಾಗಲೆಲ್ಲ ಇವೇ ಕಾರಣಗಳು. ಆಕೆಯ ಚೀಟಿ: “ಬೆಳಗಾವಿ–ಖಾನಾಪುರ ಬಸ್ಸಿನ ಮಾಲೀಕಳು. ತನ್ನ ಬಸ್ಸೇ ತನಗೆ ಸಿಗದೆ ಸ್ಟ್ಯಾಂಡಿನಲ್ಲಿ ನಿಂತವಳು.” ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂತು. ಆದರೆ ದಿನಾ ಬಸ್ಸಿನ ಖರ್ಚು, ಸಂಜೆ ಕತ್ತಲಾಗುತ್ತದೆ, ಇಷ್ಟು ಓದಿದ್ದು ಸಾಕು ಎಂದು ಮನೆಯವರು ನಿಲ್ಲಿಸಿಬಿಟ್ಟರು. ಈಗ ಆಕೆಯ ಮಗಳು ಡಿಗ್ರಿ ಓದಲು ಅದೇ ದಾರಿಯಲ್ಲಿ ಬೆಳಗಾವಿಗೆ ಬರುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲವಲ್ಲ, ತಾಯಿಯೂ ಒಮ್ಮೊಮ್ಮೆ ಮಗಳ ಜೊತೆಗೆ ಬಂದುಬಿಡುತ್ತಾಳೆ. “ಮಾಲೀಕಳು ಆದೆನೋ ಇಲ್ಲೋ? ರೊಕ್ಕಾ ಕೊಡದ ಕುಂತು ಬರತೇನಿ” ಎನ್ನುತ್ತಾಳೆ. ಚೀಟಿ ಬರೆದವರು ಯಾರೆಂದು ಪತ್ತೆ ಹಚ್ಚಲು ಆಕೆ ಇನ್ನೂ ಪ್ರಯತ್ನ ಬಿಟ್ಟಿಲ್ಲ. ಆ ಚೀಟಿಯನ್ನು ಹಳೆಯ ಬಸ್ ಪಾಸಿನ ಜೊತೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. “ಮನ್ಯಾಗ ಯಾರೂ ನಾ ಏನಾಗತೇನಿ ಅಂತ ಕೇಳಿರಲಿಲ್ಲ. ತಮಾಷೆಗೆ ಆದ್ರೂ ಒಬ್ಬರು ಬರದ್ರಲ್ಲ” ಎಂದು ಒಮ್ಮೆ ಹೇಳಿದಳು.

ಈ ಸಲದ ಪಟ್ಟಿ ತಯಾರಾದದ್ದು ಕ್ಯಾಂಪಿನ ನಮ್ಮ ಮನೆಯ ಚಾಪೆಯ ಮೇಲೆ. ಮಗಳು ಮತ್ತು ಆಕೆಯ ನಾಲ್ಕು ಗೆಳತಿಯರು. ನಾನು ಚಹಾ ಕೊಡುವ ನೆಪದಲ್ಲಿ ಎರಡು ಸಲ, ಲೋಟ ತೆಗೆಯುವ ನೆಪದಲ್ಲಿ ಎರಡು ಸಲ ಒಳಗೆ ಹೋಗಿ ಬಂದೆ. ಒಬ್ಬಳಿಗೆ ಪೈಲಟ್ ಎಂದು ಬರೆದಿದ್ದರು, “ವಿಮಾನ ಹಾರುವಾಗಲೂ ಕನ್ನಡಿ ನೋಡಿಕೊಳ್ಳುವವಳು”. ಇನ್ನೊಬ್ಬಳು ವಕೀಲೆ, “ನ್ಯಾಯಾಧೀಶರೇ ಸಾಕಮ್ಮಾ ಎಂದು ಕೇಸು ಬಿಟ್ಟುಕೊಟ್ಟರು”. ಹುಡುಗನೊಬ್ಬನಿಗೆ, “ಇಪ್ಪತ್ತು ವರ್ಷವಾದರೂ ಅಮ್ಮಿಯೇ ತಲೆ ಬಾಚಬೇಕು”. ಅತ್ತೆ, ಹೊತ್ತಿದ ಅನ್ನ ಒಂದೆರಡು ಕಡೆ ಮಾತ್ರ ಇದ್ದವು. ಮನಸ್ಸಿಗೆ ಸಂತೋಷವಾಯಿತು.

ಒಂದು ಹೆಸರಿನ ಮುಂದೆ ಮಾತ್ರ ಏನೂ ಇರಲಿಲ್ಲ. ಖಾನಾಪುರ ತಾಲೂಕಿನಿಂದ ಬಂದು ಇಲ್ಲಿ ತನ್ನ ಖಾಲಾರ ಮನೆಯಲ್ಲಿದ್ದು ಓದುವ ಹುಡುಗಿ. ಮಾತು ಕಡಿಮೆ. ಆಕೆಯೂ ಚಾಪೆಯ ತುದಿಯಲ್ಲಿ ಕುಳಿತಿದ್ದಳು, ಎಲ್ಲರ ಚೀಟಿಯನ್ನೂ ಅಂದವಾದ ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು. “ನಿನಗ ಏನ್ ಬರಿಯೂದಂತ ಗೊತ್ತಾಗವಲ್ದು. ನೀನ ಹೇಳಲಾ” ಎಂದಳು ನನ್ನ ಮಗಳು.

ಹುಡುಗಿ ಪೆನ್ನಿನ ಮುಚ್ಚಳ ಹಾಕಿ, “ಸರ್ವೆಯರ್” ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಿಧಾನವಾಗಿ ತಿಳಿಯಿತು: ಊರಲ್ಲಿ ಅವರ ಹೊಲಕ್ಕೂ ದೊಡ್ಡಪ್ಪನ ಹೊಲಕ್ಕೂ ಬದುವಿನ ಜಗಳ, ಈಕೆ ಹುಟ್ಟುವ ಮೊದಲಿನಿಂದ ನಡೆದಿದೆ. ಮೋಜಣಿಗೆ ಅರ್ಜಿ ಹಾಕುವುದು, ಕಾಯುವುದು, ಅಳತೆ ಒಪ್ಪದೆ ಮತ್ತೆ ಅರ್ಜಿ ಹಾಕುವುದು. ಅಪ್ಪ ಕಾಗದದ ಕಟ್ಟು ಹಿಡಿದು ಬೆಳಗಾವಿಗೆ ಬಂದಾಗಲೆಲ್ಲ ಅದರಲ್ಲಿನ ನಕ್ಷೆಯನ್ನು ಓದಿ ಹೇಳುವವಳು ಈಕೆಯೇ.

ಇದಕ್ಕೊಂದು ತಮಾಷೆ ಹೊಂದಿಸಲು ಐವರೂ ಬಹಳ ಹೊತ್ತು ಒದ್ದಾಡಿದರು. ಕೊನೆಗೆ ನನ್ನ ಮಗಳು ಬರೆದಳು: “ಜಿಲ್ಲೆಯ ದೊಡ್ಡ ಸರ್ವೆಯರ್. ನಮ್ಮ ಮನೆಗಳ ಜಾಗ ಅಳೆಯುವಾಗ ಗೆಳತಿಯರಿಗೆ ಒಂದೊಂದು ಗೇಣು ಹೆಚ್ಚು ಹಾಕಿಕೊಡುತ್ತಾಳೆ.”

ಆ ಹುಡುಗಿ ಚೀಟಿ ತೆಗೆದುಕೊಂಡು ಓದಿ ತಲೆ ಅಲ್ಲಾಡಿಸಿದಳು. “ಹಾಕೂದಿಲ್ಲ” ಎಂದಳು.