ಗೆರೆಗಳ ನಡುವಿನ ಬಂಡೆ

ಪೆನ್ಸಿಲ್ವೇನಿಯದಲ್ಲಿ ನವೆಂಬರ್ ತಿಂಗಳು ಬಂತೆಂದರೆ ಕೆಲವು ಮನೆಗಳ ಊಟದ ಮೇಜು ಊಟಕ್ಕೆ ದೊರೆಯುವುದಿಲ್ಲ. ಅದರ ಮೇಲೆ ನಕ್ಷೆ ಹರಡಿರುತ್ತದೆ. ಅಂಥದೊಂದು ಮನೆಯ ಯಜಮಾನ, ಅರವತ್ತೆಂಟರ ಮುದುಕ, ನಕ್ಷೆಯ ನಾಲ್ಕು ಮೂಲೆಗೂ ಲೋಟಗಳನ್ನು ಹೇರಿ ಕುಳಿತಿದ್ದ. ಹೆಂಡತಿ ತಟ್ಟೆಗಳನ್ನು ಹಿಡಿದು ನಿಂತು ನಿಂತು ಸಾಕಾಗಿ ಒಳಕ್ಕೆ ಹೋದಳು. ವಿಷಯ ಅಲ್ಪವಾದುದಲ್ಲ. ಹನ್ನೆರಡು ತುಂಬಿದ ಮೊಮ್ಮಗಳು ಈ ಸಲ ಮೊದಲ ಬಾರಿಗೆ ಜಿಂಕೆಯ ಬೇಟೆಗೆ ಬರುವವಳು. ಅವಳನ್ನು ಯಾವ ಮರದ ಅಟ್ಟಣೆಯಲ್ಲಿ ಕೂರಿಸಬೇಕು?

ಬೇಟೆಯೆಂದೊಡನೆ ಇಲ್ಲಿಯ ಓದುಗರು ಹುಬ್ಬು ಗಂಟಿಕ್ಕುವುದು ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಭಾರತದಲ್ಲಿ ಜಿಂಕೆಯನ್ನು ಕೊಲ್ಲುವುದು ಅಪರಾಧ, ಹಾಗಾದದ್ದು ಒಳ್ಳೆಯದೇ. ಅಲ್ಲಿಯ ಕಥೆ ಬೇರೆ. ಜಿಂಕೆಯನ್ನು ತಿನ್ನುವ ತೋಳಗಳು ಎಂದೋ ಅಳಿದುಹೋದುವು. ಜಿಂಕೆಯೂ ಅಳಿಯುವಂತಾದಾಗ 1906ರಿಂದ ಹೊರರಾಜ್ಯಗಳಿಂದ ತರಿಸಿ ಬಿಟ್ಟರು. ಅವು ಬೆಳೆದು ಬೆಳೆದು ಕಾಡಿನ ಎಳೆಯ ಸಸಿಗಳಿಗೇ ಮುಳುವಾದುವು.

ಮುದುಕನ ನಕ್ಷೆ ಸರ್ಕಾರದ ಸರ್ವೆಯದು. ನೆಲದ ಮೇಲಿನ 2,000 ಅಡಿ ಅದರಲ್ಲಿ ಒಂದಂಗುಲ. ಕಾಡು ಹಸಿರು, ನೀರು ನೀಲಿ. ಕಂದುಬಣ್ಣದ ಸಮೋನ್ನತ ರೇಖೆಗಳು ಹೆಬ್ಬೆಟ್ಟಿನ ಗುರುತಿನಂತೆ ಸುತ್ತಿಕೊಂಡಿರುತ್ತವೆ. ರೇಖೆಯಿಂದ ರೇಖೆಗೆ 20 ಅಡಿ ಏರು. ಗೆರೆಗಳು ಒತ್ತಾದರೆ ಕಡಿದು, ದೂರವಾದರೆ ಮಟ್ಟಸ. ಎರಡು ನೆತ್ತಿಗಳ ನಡುವೆ ಕುದುರೆಯ ಜೀನಿನಂತೆ ತಗ್ಗಿದ ಎಡೆಯಲ್ಲಿ ಜಿಂಕೆ ಗುಡ್ಡ ದಾಟುತ್ತದೆ. ಮೈಗಳ್ಳತನದಲ್ಲಿ ಅದು ಮನುಷ್ಯನಿಗೆ ಸೋಲುವುದಿಲ್ಲ. ಇಳಿಜಾರಿನ ನಡುವೆ ಜಗಲಿ ಕಟ್ಟಿದಂತೆ ಮಟ್ಟಸವಾದ ಕಡೆ ಮಲಗುತ್ತದೆ. ಇದನ್ನೆಲ್ಲ ಮುದುಕ ಹಿಂದೆ ಕಾಲಿನಿಂದಲೇ ತಿಳಿದುಕೊಳ್ಳುತ್ತಿದ್ದ. ಈಗ ಮೊಣಕಾಲು ಕೇಳುವುದಿಲ್ಲ. ಬೆರಳೇ ಗುಡ್ಡ ಹತ್ತಿಳಿಯಬೇಕು.

ಬೆರಳು ಹತ್ತಿತು. ಮೂಡಣ ಇಳಿಜಾರಿನಲ್ಲಿ ಜಗಲಿ, ಅದರ ಮೇಲೆ ಜೀನು, ಅದರಾಚೆ ಕಾಯಿ ಉದುರಿಸುವ ಓಕ್ ಮರಗಳು. ಜಗಲಿಯ ಬಡಗಣ ಅಂಚಿನಲ್ಲಿ ಕುಳಿತರೆ, ಪಡುವಣ ಗಾಳಿ ಮನುಷ್ಯನ ವಾಸನೆಯನ್ನು ಜಿಂಕೆ ತುಳಿಯದ ಕಡಿದಾದ ಕಮರಿಯ ಮೇಲೆ ಹೊತ್ತೊಯ್ಯುತ್ತದೆ. ಅಲ್ಲಿಗೊಂದು ಸೊನ್ನೆ ಬಿತ್ತು. ಮೈಗೂ ಮರಕ್ಕೂ ಪಟ್ಟಿ ಬಿಗಿದೇ ಕೂರಬೇಕೆಂದು ಅಜ್ಜಿ ಒಳಗಿನಿಂದಲೇ ಕರಾರು ಹಾಕಿದಳು. ಅಟ್ಟಣೆಯಿಂದ ಬಿದ್ದು ಬೆನ್ನು ಮುರಿದುಕೊಂಡವರು ಆ ಸೀಮೆಯಲ್ಲಿ ಕಡಮೆಯಲ್ಲ.

ವಾರದ ಮುಂಚೆ ಅಟ್ಟಣೆ ಕಟ್ಟಲು ಹೋದಾಗ, ಗುರುತಿನ ಮರದ ಮಗ್ಗುಲಲ್ಲೇ ಹನ್ನೆರಡು ಅಡಿಯ ಬಂಡೆಯೊಂದು ಗೋಡೆಯಂತೆ ನಿಂತಿತ್ತು. ನಕ್ಷೆಯಲ್ಲಿ ಅದಿಲ್ಲ, ಎರಡು ಗೆರೆಗಳ ನಡುವಿನ ಇಪ್ಪತ್ತಡಿಯೊಳಗೆ ಅಡಗಿ ಕುಳಿತಿತ್ತು. ಹುಡುಗಿ ಜೇಬಿನಿಂದ ಕಾಯಿಯೊಂದನ್ನು ತೆಗೆದಳು. ಎಕ್ಕದ ಕುಲಕ್ಕೇ ಸೇರಿದ ಅಲ್ಲಿಯ ಗಿಡದ್ದು. ಬೀಜಕ್ಕೆ ಎಕ್ಕದಂತೆಯೇ ರೇಷ್ಮೆಯ ಕುಚ್ಚು. ಒಂದನ್ನು ತೇಲಬಿಟ್ಟಳು. ಅದು ಬಂಡೆಗೆ ಬಡಿದು, ಸುಳಿದು, ಜಗಲಿಯ ಕಡೆಗೇ ತಿರುಗಿ ಬಂತು.

“ತಾತ, ಗಾಳಿ ಹಿಂದಕ್ಕೆ ಬರುತ್ತಿದೆ.”

“ಒಂದು ಕುಚ್ಚು ನೋಡಿ ಹೇಳಬಾರದು, ಮಗು. ನಲವತ್ತು ವರ್ಷದಿಂದ ಈ ನಕ್ಷೆ ಓದುತ್ತಿದ್ದೇನೆ.”

ಅಟ್ಟಣೆ ಅಲ್ಲಿಯೇ ಏರಿತು. ನಲವತ್ತು ವರ್ಷದ ಅನುಭವಕ್ಕೆ ಹನ್ನೆರಡು ವರ್ಷದ ಕಣ್ಣು ಎದುರು ಹೇಳುವುದು ಯಾವ ದೇಶದಲ್ಲಿಯೂ ಸುಲಭವಲ್ಲ.

ಬೇಟೆಯ ಮೊದಲ ಶನಿವಾರ ಇಬ್ಬರೂ ಕಿತ್ತಳೆಬಣ್ಣದ ಅಂಗಿ ತೊಟ್ಟು ಕತ್ತಲಲ್ಲೇ ಹತ್ತಿ ಕುಳಿತರು. ಎಂಟರ ಸುಮಾರಿಗೆ, ಮುದುಕ ಬೆರಳಿಟ್ಟ ದಾರಿಯಲ್ಲೇ ಕೊಂಬಿನ ಜಿಂಕೆಯೊಂದು ಬಂತು. ನಕ್ಷೆ ಅಷ್ಟರಮಟ್ಟಿಗೆ ಸುಳ್ಳಾಗಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು ಬಂದೂಕನ್ನೆತ್ತಿದಳು. ಇನ್ನು ಹತ್ತು ಹೆಜ್ಜೆ ಬಂದಿದ್ದರೆ ಸಾಕಿತ್ತು. ಜಿಂಕೆ ಥಟ್ಟನೆ ಮೂಗೆತ್ತಿ ಒಮ್ಮೆ ಫೂತ್ಕರಿಸಿತು. ಬಿಳಿಯ ಬಾಲ ಬಾವುಟದಂತೆ ಮೇಲೆದ್ದು ಮರಗಳ ನಡುವೆ ಮರೆಯಾಯಿತು.

ಹುಡುಗಿ ಏನೂ ಅನ್ನಲಿಲ್ಲ. ಅಂದಿದ್ದರೆ ಮುದುಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ರಾತ್ರಿ ಊಟದ ತಟ್ಟೆಗಳು ಮತ್ತೆ ಕಾಯಬೇಕಾಯಿತು. ಮುದುಕ ನಕ್ಷೆ ಹರಡಿ, ಎರಡು ಕಂದುಗೆರೆಗಳ ನಡುವೆ ಗಿಡ್ಡನೆಯ ಕಪ್ಪುಗೆರೆಯೊಂದನ್ನೆಳೆದು, ತನ್ನ ಸೊನ್ನೆಯನ್ನು ರಬ್ಬರಿನಿಂದ ಅಳಿಸಿದ. ಆಮೇಲೆ ಪೆನ್ಸಿಲನ್ನು ಮೇಜಿನ ಆಚೆಗೆ ತಳ್ಳಿದ. ಹುಡುಗಿ ಬಹಳ ಹೊತ್ತು ನೋಡಿದಳು. ಜೀನಿನ ತೆಂಕಣ ಬದಿಯಲ್ಲಿ ಬೆರಳಿಟ್ಟು, “ಇಲ್ಲಿ ಬಂಡೆ ಇದೆಯೇ, ತಾತ?” ಎಂದಳು.

“ನಾಳೆ ಹೋಗಿ ನೋಡೋಣ,” ಎಂದ ಮುದುಕ.